ಗೇಟಿನಲ್ಲಿ ನಿಂತ ಹಿಟ್ಟು

ಸೀದ ರಾಗಿಯ ವಾಸನೆ ಮೂಗಿಗೆ ಬಡಿದಾಗ ಎದ್ದು ಅಡುಗೆಮನೆಗೆ ಓಡಿದೆ. ತಪ್ಪು ನನ್ನದೇ. ಹಿಟ್ಟಿನ ಪಾತ್ರೆ ಒಲೆಯ ಮೇಲಿದೆ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಹೆಂಡತಿ ಅಂಗಡಿಗೆ ಹೋಗಿದ್ದಳು. ನಾನು ಗಂಗರಿಂದ ಚೋಳರಿಗೆ ದಾಟುವ ಗಡಿಬಿಡಿಯಲ್ಲಿದ್ದೆ. ಯಳಂದೂರಿನ ಒಂದು ಶಾಲೆಯವರು ಮಕ್ಕಳಿಗಾಗಿ ದೇಶದ ಚರಿತ್ರೆಯನ್ನು ಹತ್ತು ಪುಟದಲ್ಲಿ ಬರೆದುಕೊಡಿ ಎಂದು ಕೇಳಿದ್ದಾರೆ. ಇತಿಹಾಸದ ಮೇಷ್ಟರಾಗಿ ನಿವೃತ್ತನಾದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಹೊಳೆದಂಡೆಯ ಮಡಕೆ ಚೂರುಗಳಿಂದ ಶುರು ಮಾಡಿ ನಾಲ್ಕು ದಿನ ಕೂತರೂ ಎರಡೇ ಪುಟ ಆಗಿತ್ತು. ಈಗ ಹಿಟ್ಟೂ ಸೀದುಹೋಯಿತು.

ನಮ್ಮ ಕಡೆ ಹಿಟ್ಟು ಎಂದರೆ ಎರಡು. ಬೀಸಿದ್ದೂ ಹಿಟ್ಟೇ, ಬೇಯಿಸಿ ತೊಳಸಿ ಉಂಡೆ ಕಟ್ಟಿದ ಮುದ್ದೆಯೂ ಹಿಟ್ಟೇ. ಯಾವುದು ಯಾವಾಗ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಸಲ ಈ ಮಾತು ನಮ್ಮ ಮನೆಯವರನ್ನೇ ಕೈಬಿಟ್ಟಿತ್ತು.

ಕೊಳ್ಳೇಗಾಲದಲ್ಲಿ ಹೊಸದಾಗಿ ಮೇಷ್ಟರಾಗಿದ್ದಾಗ ನಾನು ಮರುದಿನದ ಪಾಠವನ್ನು ಹಿಂದಿನ ಸಂಜೆಯೇ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದವಳು ಅಜ್ಜಿ ಒಬ್ಬಳೇ. ಒಂದು ದಿನ ತಡೆದಳು.

"ಅದ್ಯಾವ್ ದೇಸ ಕಣಪ್ಪ ನೀನ್ ಯೋಳ್ತಿರೋದು?"

"ನಮ್ಮ ದೇಶ ಅಜ್ಜಿ."

"ನಮ್ ತಂಗೀನ ಕೊಟ್ಟಿದ್ರಲ್ಲ, ಆ ದೇಸ್ವಾ?"

ತಂಗಿಯನ್ನು ಕೊಟ್ಟಿದ್ದದ್ದು ಯಳಂದೂರಿನ ಪಕ್ಕದ ಮಾಂಬಳ್ಳಿಗೆ. ನಗಬೇಡಿ, ಅಂದು ನಕ್ಕು ನಾನು ಬೈಸಿಕೊಂಡಿದ್ದೇನೆ. ಅಜ್ಜಿಯ ಹರೆಯದಲ್ಲಿ ಕೊಳ್ಳೇಗಾಲ, ಹನೂರು ಮದ್ರಾಸಿಗೆ ಸೇರಿದ್ದವು, ಯಳಂದೂರು ಕಡೆಯದು ಮೈಸೂರು ರಾಜ್ಯ. ಬೆಳಿಗ್ಗೆ ಹೊರಟರೆ ಬಿಸಿಲೇರುವ ಮೊದಲೇ ನಡೆದು ಮುಟ್ಟುವ ಊರು, ಆದರೂ ಬೇರೆ ದೇಶ. ನಡುವೆ ಒಂದು ಗೇಟು. ಯುದ್ಧದ ಕಾಲವಾದ್ದರಿಂದ ಕಾಳಾಗಲಿ ಬೀಸಿದ ಹಿಟ್ಟಾಗಲಿ ಅದನ್ನು ದಾಟುವಂತಿರಲಿಲ್ಲ. ಬೇಯಿಸಿದ್ದಕ್ಕೆ ತಡೆಯಿರಲಿಲ್ಲ.

ತಂಗಿ ತುಂಬು ಬಸುರಿ. ಅಕ್ಕನ ಕೈಯ ಬಿಸಿ ಹಿಟ್ಟು ಬೇಕೆಂದು ಹೇಳಿ ಕಳಿಸಿದ್ದಳು. ತಾಯಿ ತೀರಿಕೊಂಡಿದ್ದರಿಂದ ಬಯಕೆ ತೀರಿಸಬೇಕಾದವಳು ಅಕ್ಕನೇ. ಅಜ್ಜಿ ನಸುಕಿಗೇ ಎದ್ದು ಹಿಟ್ಟು ತೊಳಸಿ, ಬಾಳೆ ಎಲೆಯಲ್ಲಿ ಸುತ್ತಿ, ಬಟ್ಟೆ ಹೊದಿಸಿ, ಕುಕ್ಕೆಯಲ್ಲಿಟ್ಟುಕೊಂಡು ಓಡುನಡಿಗೆಯಲ್ಲಿ ಹೊರಟಳು. ಗೇಟಿನ ಕಾವಲುಗಾರ ತಮಿಳಿನವನು.

"ಎನ್ನಮ್ಮಾ ಅದು?"

"ಇಟ್ಟು ಸಾಮಿ."

ಅವನಿಗೆ ಬರುತ್ತಿದ್ದ ನಾಲ್ಕು ಕನ್ನಡ ಮಾತಿನಲ್ಲಿ ಅದೊಂದು, ಅದೂ ಬೀಸಿದ ಹಿಟ್ಟು ಮಾತ್ರ. ಖಾತ್ರಿಗೆಂದು ತನ್ನ ಭಾಷೆಯಲ್ಲಿ "ಮಾವಾ?" ಎಂದ. ತಮಿಳಿನಲ್ಲಿ ಹಿಟ್ಟಿಗೆ ಮಾವು ಎನ್ನುತ್ತಾರೆ. ಅಜ್ಜಿಗೇನು ಗೊತ್ತು?

"ಮಾವ ಮನೇಲವ್ರೆ ಸಾಮಿ, ಚೆಂದಾಗವ್ರೆ."

ಮಾವ ಎಂದದ್ದೇ ಅವನಿಗೆ ಸಾಕಾಯಿತು. ಕುಕ್ಕೆ ಇಳಿಸಿ, ಮೇಲಿನವರು ಬರುವತನಕ ಹುಣಸೆಮರದ ಕೆಳಗೆ ಕೂರಿಸಿದ. ಹೊತ್ತು ನೆತ್ತಿಗೆ ಬಂದ ಮೇಲೆ ಬಂದ ಅಧಿಕಾರಿ ಎಲೆ ಬಿಚ್ಚಿ ನೋಡಿ ನಕ್ಕ. ಆದರೂ ಒಳಗೆ ಕಾಳು ಅಡಗಿಸಿದ್ದಾಳೋ ಎಂದು ಒಂದೊಂದನ್ನೂ ಮುರಿದ.

"ಮುದ್ದೆ ಅಂದಿದ್ರೆ ಬುಟ್ಬುಡ್ತಿದ್ದ. ಆ ಮಾತು ಬಾಯ್ಗೆ ಬರ್ನಿಲ್ವಲ್ಲಪ್ಪ!" ಎಂದಳು ಅಜ್ಜಿ.

ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಅಜ್ಜಿ ನಗಲಿಲ್ಲ.

"ಓಗೋವೊತ್ಗೆ ಆರೋಗಿತ್ತು. ಆ ತಣ್ಣಗಿನ ಚೂರ್ನೇ ತಿಂದ್ಲು. ‘ಬಿಸಿ ಅದೆ ಕಣಕ್ಕ’ ಅಂತ ಸುಳ್ಳೇಳ್ಕಂಡು ತಿಂದ್ಲು. ಎಂಟ್ ದಿನಕ್ಕೆ ಎರಿಗೇಲಿ ಓಗ್ಬುಟ್ಲು."

ಆ ತಂಗಿ ಹೇಗೆ ತೀರಿಕೊಂಡಳೆಂಬ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದೇ ಇಲ್ಲ. ನಾಲಗೆ ತಡೆಯಲಿಲ್ಲ, ಕೇಳಿಬಿಟ್ಟೆ: "ಮಗು?"

ಅಜ್ಜಿ ಅಡುಗೆಮನೆಯ ಕಡೆ ಮುಖ ತಿರುಗಿಸಿದಳು. "ಅಲ್ಲವ್ಳೆ ನೋಡು, ಇಟ್ಟು ತೊಳಸ್ತಾವ್ಳೆ."

ಅಲ್ಲಿದ್ದವಳು ನನ್ನ ತಾಯಿ. ಅಷ್ಟು ವರ್ಷ ರಾಜರ ವಂಶಾವಳಿ ಬಾಯಿಪಾಠ ಮಾಡಿದ್ದ ನನಗೆ ನನ್ನ ಹೆತ್ತವಳ ಹೆತ್ತವಳು ಯಾರೆಂದೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಸಾಕಲೆಂದು ಆ ಮಗುವನ್ನು ಎತ್ತಿಕೊಂಡು ಬರುವಾಗಲೂ ಗೇಟಿನಲ್ಲಿ ಅದೇ ಕಾವಲುಗಾರ ಇದ್ದನಂತೆ. ಸೆರಗಿನ ಗಂಟು ನೋಡಿ "ಎನ್ನಮ್ಮಾ ಅದು?" ಎಂದನಂತೆ.

"ಮಗು ಸಾಮಿ."

ಈ ಸಲ ಬಿಚ್ಚಿಸಲಿಲ್ಲ. ಸುಮ್ಮನೆ ಗೇಟು ಎತ್ತಿದನಂತೆ.

ರಾಜ್ಯಗಳು ಒಂದಾದ ಮೇಲೆ ಆ ಗೇಟು ಇಲ್ಲವಾಯಿತು. ಅದು ಎಲ್ಲಿತ್ತೆಂದು ನಾನು ಎರಡು ಸಲ ಹುಡುಕಿಕೊಂಡು ಹೋಗಿದ್ದೇನೆ. ದಾರಿಯಲ್ಲಿ ಎಳನೀರು ಮಾರುವವನನ್ನು ಕೇಳಿದರೆ, "ಗೇಟಾ? ರೈಲ್ವೇದಾ ಸಾ?" ಎಂದ.

ಸೀದ ಪಾತ್ರೆಗೆ ನೀರು ಹೊಯ್ದು ಬಂದು ಮತ್ತೆ ಬರೆಯಲು ಕೂತೆ. ಗಂಗರನ್ನೂ ಚೋಳರನ್ನೂ ಅರ್ಧ ಪುಟಕ್ಕೆ ಇಳಿಸಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಾರರು. ಉಳಿದ ಜಾಗದಲ್ಲಿ ಆ ಗೇಟನ್ನು ಬರೆದೆ, ಕುಕ್ಕೆಯನ್ನು ಬರೆದೆ, ಸೆರಗಿನ ಗಂಟನ್ನೂ ಬರೆದೆ. ಅಷ್ಟರಲ್ಲಿ ಹೆಂಡತಿ ಬಂದು, ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಏನ್ರೀ ಅದು?" ಎಂದಳು.

ಅವಳು ಕೇಳಿದ್ದು ಒಲೆಯ ಮೇಲಿನದನ್ನು. ನಾನು ಕೈಯಲ್ಲಿದ್ದ ಹಾಳೆಯನ್ನು ಎತ್ತಿ ತೋರಿಸಿ, "ನಮ್ಮವ್ವ" ಎಂದೆ.