ಹಗೇವಿಗೆ ಇಳಿಸಿದ ದೀಪ

ಚಳ್ಳಕೆರೆಗೆ ಮೋಟಾರು ಇನ್ನೂ ಬಾರದಿದ್ದ ಕಾಲ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದ ನನ್ನನ್ನು ಚಳ್ಳಕೆರೆ ಕಡೆಯ ಬೇಸಾಯದ ಮನೆಗೆ ಕೊಟ್ಟರು. ನನಗೆ ಬರುತ್ತಿದ್ದದ್ದು ರೇಷ್ಮೆ ನೂಲು ಸುತ್ತುವುದು, ಅಣ್ಣನ ಪಕ್ಕ ಕೂತು ಕಲಿತ ನಾಲ್ಕಕ್ಷರ, ಮತ್ತೆ ಮನೆಮಾತಾದ ತೆಲುಗು, ಅಷ್ಟೇ. ಹಾಲು ಕರೆಯುವಾಗ ಹಸುವಿನ ಯಾವ ಮಗ್ಗುಲಿಗೆ ಕೂರಬೇಕು ಎಂಬುದೂ ಗೊತ್ತಿರಲಿಲ್ಲ.

ಗಂಡನ ಮನೆಯಲ್ಲಿ ಇದ್ದವರು ಅತ್ತೆ, ಅವರ ಒಬ್ಬನೇ ಮಗ, ಈಗ ನಾನು. ಮಾವ ತೀರಿಕೊಂಡ ಮೇಲೆ ಅತ್ತೆ ಊರೊಳಗಿನ ಮನೆಯನ್ನು ಮೈದುನನಿಗೆ ಬಿಟ್ಟುಕೊಟ್ಟು ಹೊಲದಲ್ಲೇ ಮಣ್ಣಿನ ಗೋಡೆ ಎಬ್ಬಿಸಿದ್ದರು. "ಅನ್ನ ಕೊಡೋ ಮಣ್ಣಿನ ಮ್ಯಾಲೇ ಮಲಗಬೇಕು" ಎನ್ನುವುದು ಅವರ ಹಟ. ಆ ಮನೆಯ ಕಟ್ಟಳೆಗಳು ಒಂದೆರಡಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಮೊದಲ ರೊಟ್ಟಿ ಹಸುವಿಗೆ. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಮಜ್ಜಿಗೆ ಕುಡಿಯದೆ ಮುಂದೆ ಹೋಗಬಾರದು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಹೊಟ್ಟೆ ಚುರುಗುಟ್ಟುವಾಗ ಹಸು ನಿಧಾನವಾಗಿ ರೊಟ್ಟಿ ಮೆಲ್ಲುವುದನ್ನು ನೋಡುತ್ತಾ ನಿಲ್ಲುವುದು ಸುಲಭದ ಭಕ್ತಿಯಲ್ಲ.

ನಾನು ಬಂದ ಮೂರನೇ ತಿಂಗಳಿಗೆ ಒಂದು ಕರು ಸತ್ತಿತು. ಪಕ್ಕದ ಹೊಲದ ಅಜ್ಜಿ ಮಜ್ಜಿಗೆ ಕುಡಿಯಲು ಬಂದವಳು ಲೋಟ ಕೆಳಗಿಟ್ಟು, "ಹೊಸ ಸೊಸೆ ಕಾಲ್ಗುಣ ಹೆಂಗೈತೋ ಏನೋ" ಎಂದಳು. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದೇ ನನ್ನನ್ನು ಕೊರೆಯಿತು. ಇನ್ನೊಂದು ಕೆಡುಕಾದರೆ ನನ್ನನ್ನು ಮೊಳಕಾಲ್ಮೂರಿಗೆ ಕಳಿಸಿಬಿಡುತ್ತಾರೆ ಎಂದು ಹೆದರಿ ಹೆಜ್ಜೆಯನ್ನೂ ಮೆಲ್ಲಗೆ ಇಡತೊಡಗಿದೆ.

ಅಷ್ಟರಲ್ಲಿ ಮನೆಯ ಗುಡಾಣದಲ್ಲಿ ರಾಗಿ ತಳ ಕಂಡಿತು. ಹಗೇವು ತೆಗೆಯಬೇಕಾಯಿತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಒಳಗೆ ಆಳು ಮುಳುಗುವಷ್ಟು ಆಳ, ಬಾಯಿ ಮಾತ್ರ ಒಬ್ಬ ಇಳಿಯುವಷ್ಟು. ಮೂರು ವರ್ಷದ ಹಿಂದಿನ ರಾಗಿ ಅದರಲ್ಲಿತ್ತು. ಹಿಂದಿನ ದಿನವೇ ಬಾಯಿಯ ಚಪ್ಪಡಿ ಸರಿಸಿದ್ದರು. ಬೆಳಿಗ್ಗೆ ಅತ್ತೆ ನನ್ನ ಕೈಗೆ ಹಣತೆ ಇಟ್ಟ ಸಣ್ಣ ಬುಟ್ಟಿಯನ್ನೂ ಹಗ್ಗವನ್ನೂ ಕೊಟ್ಟು, "ದೀಪ ಒಳಗೆ ಇಳಿಸು. ಉರೀತಿದ್ರೆ ಹೇಳು, ಅವನು ಇಳೀತಾನೆ" ಎಂದು ಹೇಳಿ, ಅತ್ತ ತಿರುಗಿ ಸೂರ್ಯನಿಗೆ ಕೈಮುಗಿದು ನಿಂತರು. ಹೊಸ ಸೊಸೆಯ ಕೈಯಿಂದ ಗುಂಡಿಗೆ ಪೂಜೆ ಮಾಡಿಸುತ್ತಿದ್ದಾರೆ ಅಂದುಕೊಂಡೆ.

ಮಂಡಿಯೂರಿ ಬುಟ್ಟಿ ಇಳಿಸಿದೆ. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು. ಸದ್ದಿಲ್ಲದೆ ಎಳೆದು, ಬೆರಣಿ ಕೆಂಡದಿಂದ ಹೊತ್ತಿಸಿ ಮತ್ತೆ ಬಿಟ್ಟೆ. ಗಾಳಿಯ ಸುಳಿವೇ ಇರಲಿಲ್ಲ. ಅದೇ ಆಳಕ್ಕೆ ಹೋಗಿ ನೀರಲ್ಲಿ ಅದ್ದಿದ ಹಾಗೆ ಮತ್ತೆ ಆರಿತು. ನನ್ನ ಕೈಯ ದೀಪ, ಎರಡು ಸಲ! ಇದನ್ನು ಯಾರ ಮುಂದೆ ಹೇಳುವುದು?

ನನ್ನ ಗಂಡ ಪಂಚೆ ಎತ್ತಿ ಕಟ್ಟಿಕೊಂಡು ಬಂದು, "ಉರೀತೈತಾ?" ಎಂದು ಕೇಳಿದರು. ಅತ್ತೆಯ ಎದುರಿಗೆ ಗಂಡನ ಹತ್ತಿರ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಉರಿಯುತ್ತಿದೆ ಎಂದು ತಲೆ ಆಡಿಸಿಬಿಟ್ಟೆ.

ಅವರು ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟರು. ಆ ಕಾಲುಗಳನ್ನು ನೋಡಿದೆ. ದೀಪವನ್ನೇ ಒಲ್ಲದ ಜಾಗಕ್ಕೆ ಇವರನ್ನು ಹೇಗೆ ಬಿಡಲಿ? ಕಾಲ್ಗುಣ ಕೆಟ್ಟವಳು ಅನ್ನಿಸಿಕೊಂಡು ತವರಿಗೆ ಹೋದರೂ ಸರಿ ಅನ್ನಿಸಿತು. ಅವರ ತೋಳು ಹಿಡಿದು ಎಳೆದೆ. "ವದ್ದು! ದಿಗೊದ್ದು!" ಎಂದು ಚೀರಿದೆ. ಬೇಡ, ಇಳಿಯಬೇಡಿ ಎನ್ನುವುದು ಆ ಗಾಬರಿಗೆ ತೆಲುಗಿನಲ್ಲೇ ಬಂತು.

ಅತ್ತೆ ಓಡಿ ಬಂದರು. ಅಳುತ್ತಾ ಎಲ್ಲ ಹೇಳಿದೆ. ಅವರು ತಾವೇ ದೀಪ ಹೊತ್ತಿಸಿ ಇಳಿಸಿದರು. ಮೂರನೇ ಸಲವೂ ಆರಿತು. ಅತ್ತೆ ಬುಟ್ಟಿಯನ್ನು ಮೇಲೆಳೆದು, ಆರಿದ ಆ ಹಣತೆಗೆ ಕೈಮುಗಿದರು.

"ಒಳಗೆ ಕೆಟ್ಟ ಗಾಳಿ ತುಂಬೈತೆ ಮಗಳೇ. ದೀಪ ಉಳೀದ ಕಡೆ ಮನ್ಸ ಉಳೀತಾನಾ? ಅದನ್ನ ನೋಡಾಕೇ ದೀಪ ಬಿಡೋದು."

"ಪೂಜೆಗೆ ಅಲ್ವಾ ಅತ್ತೆ?"

"ಪೂಜೇನೇ. ಜೀವ ಕಾಯೋದು ಪೂಜೆ ಅಲ್ದೆ ಇನ್ನೇನು? ಬಿಡಿಸಿ ಹೇಳ್ದೇ ಇದ್ದದ್ದು ನಂದೇ ತಪ್ಪು."

ಹಾಗೆಂದು ಬಿಟ್ಟುಬಿಡಲಿಲ್ಲ. ಸುಳ್ಳು ತಲೆ ಆಡಿಸಿದ್ದಕ್ಕೆ ಮಧ್ಯಾಹ್ನದವರೆಗೂ ಬೈದರು. ಬೈಗುಳ ಮುಗಿದ ಮೇಲೆ, "ಬಂದಾಗಿಂದ ನನ್ನೆದುರಿಗೆ ಗಂಡನ ಹತ್ರ ತುಟಿ ಬಿಚ್ಚಿದವಳಲ್ಲ, ಬಿಚ್ಚಿದ್ದೂ ತೆಲುಗಿನಾಗೆ" ಎಂದು ನಕ್ಕರು. ನನ್ನ ಗಂಡ ಮಾತ್ರ ನಗಲಿಲ್ಲ. ನಾನು ಹಿಡಿದೆಳೆದ ತೋಳನ್ನೇ ನೋಡಿಕೊಳ್ಳುತ್ತಿದ್ದರು.

ಎರಡು ದಿನ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಗುಂಡಿಯೊಳಗೆ ಏರಿಸಿ ಇಳಿಸಿ ಗಾಳಿ ಆಡಿಸಿದೆವು. ಮೂರನೇ ದಿನ ಅತ್ತೆ ಮತ್ತೆ ನನ್ನ ಕೈಯಿಂದಲೇ ದೀಪ ಬಿಡಿಸಿದರು. ಅದು ತಳ ಮುಟ್ಟಿ ರಾಗಿಯ ಮೇಲೆ ನೆಟ್ಟಗೆ ಉರಿಯಿತು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಎಷ್ಟು ಹೊತ್ತಾದರೂ ಹಗ್ಗ ಎಳೆಯದೆ ಅದನ್ನೇ ನೋಡುತ್ತಿದ್ದೆ.

ಅದೇ ವಾರ ಪಕ್ಕದ ಹೊಲದ ಅಜ್ಜಿ ಮಜ್ಜಿಗೆಗೆ ಬಂದಳು. ಸುದ್ದಿ ಅವಳಿಗೆ ಮುಟ್ಟಿತ್ತು. "ದೀಪ ಆರಿತಂತಲ್ಲವ್ವಾ, ಸೊಸೆ ಕೈಯಾಗೆ?" ಎಂದು ರಾಗ ತೆಗೆದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಅತ್ತೆ ಅವಳ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹೊಯ್ದು, ಹೊರಗಿದ್ದ ಮಗನ ಕಡೆ ಕೈ ಮಾಡಿ ನಿಧಾನವಾಗಿ ಹೇಳಿದರು:

"ಹೂಂ, ಆರಿತು. ನನ್ನ ಸೊಸೆ ಕಾಲ್ಗುಣ ಕೇಳ್ತಿದ್ದ್ಯಲ್ಲಾ, ಅಗೋ ನೋಡು, ಎತ್ತಿಗೆ ಹುಲ್ಲು ಹಾಕ್ತಾ ನಿಂತೈತೆ."

ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಬೆಂದಿದ್ದ ಮೊದಲ ರೊಟ್ಟಿಯನ್ನು ಹಸುವಿಗೆ ತೆಗೆದುಕೊಂಡು ಹೋದೆ.