ಸೋಪಿನ ಡಬ್ಬಿಯ ಸಮಾಧಾನ

ಹುಣಸೂರಿನಲ್ಲಿ ಕನ್ಸಲೇಷನ್ ಎಂದರೆ ಸೋಪಿನ ಡಬ್ಬಿ. ಈ ಅರ್ಥವನ್ನು ಚಾಲ್ತಿಗೆ ತಂದವಳು ನಾನೇ. ನಾನು ಇಂಗ್ಲಿಷ್ ಮೇಡಂ ಆಗಿದ್ದ ಹೈಸ್ಕೂಲಿನಲ್ಲಿ ಸ್ಪರ್ಧೆಗಳಿಗೆ ಬಹುಮಾನ ತರುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತಿತ್ತು. ಮೊದಲನೆಯವರಿಗೆ ಸ್ಟೀಲ್ ಪಾತ್ರೆ, ಎರಡನೆಯವರಿಗೆ ತಟ್ಟೆ, ಮೂರನೆಯವರಿಗೆ ಲೋಟ. ಉಳಿದವರಲ್ಲಿ ಯಾರ ಮುಖ ತೀರಾ ಸಣ್ಣದಾಗಿದೆಯೋ ಅವರಿಗೆ ಕನ್ಸಲೇಷನ್ ಎಂದು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ಅದರೊಳಗೆ ಸೋಪು ಇರುತ್ತಿರಲಿಲ್ಲ.

ಇಂಗ್ಲಿಷಿನವರೂ ಈ ಪದವನ್ನು ಅಷ್ಟೇನೂ ಮರ್ಯಾದೆಯಿಂದ ನಡೆಸಿಕೊಂಡಿಲ್ಲ ಬಿಡಿ. ನಿಜವಾಗಿ ಅಳುತ್ತಿರುವವರ ಮುಂದೆ ಅವರು ಅದನ್ನು ಆಡುವುದೇ ಅಪರೂಪ. ಐದು ಗೋಲು ತಿಂದ ತಂಡ ಕಡೆಗೆ ಒಂದು ಹೊಡೆದರೆ ಅದು ಕನ್ಸಲೇಷನ್ ಗೋಲು. ‘ಇಫ್ ಇಟ್ಸ್ ಎನಿ ಕನ್ಸಲೇಷನ್’ ಎಂದು ಯಾರಾದರೂ ಮಾತು ಶುರು ಮಾಡಿದರೆ ಮುಂದೆ ಬರುವುದು ಬಹುಮಟ್ಟಿಗೆ ಇನ್ನೊಂದು ಕೆಟ್ಟ ಸುದ್ದಿ: ನಿನಗೆ ಸಮಾಧಾನ ಆಗುವುದಾದರೆ ಕೇಳು, ನನ್ನದೂ ಕೆಟ್ಟು ಕೂತಿದೆ. ನಮ್ಮ ‘ಸಮಾಧಾನ’ವಾದರೂ ಎಂಥದ್ದು! ಬಸ್ಸು ತಡವಾಯಿತೆಂದು ಕೂಗಾಡುವವನಿಗೂ ‘ಸಮಾಧಾನ ಮಾಡ್ಕಳಿ’, ಗಂಡ ಸತ್ತವಳಿಗೂ ‘ಸಮಾಧಾನ ಮಾಡ್ಕಳಿ’. ಎರಡು ಕಡೆಯೂ ಮಾಡಿಕೊಳ್ಳಬೇಕಾದವರು ನಾವೇ, ಹೇಳಿದವರಿಗೆ ಏನೂ ಖರ್ಚಿಲ್ಲ.

ನನ್ನ ಸೋಪಿನ ಡಬ್ಬಿಗಳನ್ನು ಅತಿ ಹೆಚ್ಚು ಗೆದ್ದವಳು ಚಿಕ್ಕತಾಯಿ. ಹನಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅಕ್ಷರ ಬರೆದರೆ ಒಂದೊಂದೂ ಒಂದೊಂದು ದಿಕ್ಕಿಗೆ ಹೊರಡುತ್ತಿತ್ತು. ಆದರೂ ಮೂರು ವರ್ಷ ಬಿಡದೆ ದುಂಡಕ್ಷರ ಸ್ಪರ್ಧೆಗೆ ಹೆಸರು ಕೊಟ್ಟಳು. ಮೂರು ವರ್ಷವೂ ಸೋಪಿನ ಡಬ್ಬಿ. ಮೂರನೆಯ ಸಲ ಕೇಳಿಯೇಬಿಟ್ಟಳು, “ಮಿಸ್, ಕನ್ಸಲೇಷನ್ ಅಂದ್ರೆ ಏನು?”

“ಗೆಲ್ಲದೇ ಇದ್ದವರಿಗೆ ಬೇಜಾರಾಗದೇ ಇರಲಿ ಅಂತ ಕೊಡೋದು ಕಣೇ.”

“ಬೇಜಾರು ಆಗೇ ಆಯ್ತದೆ ಮಿಸ್,” ಎಂದಳು. “ಆದ್ರೆ ಡಬ್ಬಿ ಬೇಕಾಗಿತ್ತು ಬುಡಿ. ನಮ್ಮವ್ವ ಸೋಪು ಇಕ್ಕೋಕೆ ಆಯ್ತದೆ.”

ಈಗ ಅವಳಿಗೆ ನಲವತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನ ರವಿಕೆಗಳ ತೋಳನ್ನು ಇಪ್ಪತ್ತು ವರ್ಷದಿಂದ ತಪ್ಪದೆ ಬಿಗಿ ಮಾಡುತ್ತಾಳೆ. ಕೇಳಿದರೆ ನಾನೇ ದಪ್ಪ ಆಗಿದ್ದೇನಂತೆ.

ಎರಡು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಅವರಿಗೊಂದು ಅಭ್ಯಾಸವಿತ್ತು. ಗೇಟಿನ ಹತ್ತಿರ ಬಿದ್ದ ಪೇಪರು ತರಲು ಹೋಗುವಾಗಲೂ ಒಳಗೆ ಕೇಳುವಂತೆ “ಬರ್ತೀನಿ” ಎಂದು ಹೇಳಿಯೇ ಹೋಗುತ್ತಿದ್ದರು. ಅವತ್ತು ಹಾಗೆಯೇ ಹೇಳಿ ಸಾಲಿಗ್ರಾಮಕ್ಕೆ ನೆಂಟರ ಗೃಹಪ್ರವೇಶಕ್ಕೆ ಹೋದವರು ಆಂಬುಲೆನ್ಸಿನಲ್ಲಿ ಬಂದರು. ಮೂವತ್ತನಾಲ್ಕು ವರ್ಷದಲ್ಲಿ ಮಾತಿಗೆ ತಪ್ಪಿದ್ದು ಅದೊಂದೇ ಸಲ. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು.

ಆಮೇಲೆ ಜನ ಮಾತಾಡಿಸಿಕೊಂಡು ಹೋಗಲು ಬಂದರು. ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ‘ಮಾತಾಡಿಸಿಕೊಂಡು ಬರೋದು’ ಎನ್ನುತ್ತಾರೆ. ಹೋದವರು ಸತ್ತವರ ವಿಷಯ ಹೆಚ್ಚು ಮಾತಾಡುವುದಿಲ್ಲ ಎಂಬುದು ಬೇರೆ ಮಾತು. ಪಿರಿಯಾಪಟ್ಟಣದವರು ಹೊಗೆಸೊಪ್ಪು ಬೇಯಿಸಲು ಸೌದೆ ಸಿಗುತ್ತಿಲ್ಲ ಎಂದರು. ಕೆ.ಆರ್. ನಗರದವರು ನಾಲೆಗೆ ನೀರು ಬಿಟ್ಟ ಸುದ್ದಿ ಹೇಳಿದರು. ಎಚ್.ಡಿ. ಕೋಟೆ ಕಡೆಯವರು ಗದ್ದೆಗೆ ಇಳಿದ ಆನೆ ಓಡಿಸಿದ್ದನ್ನು ವಿವರವಾಗಿ ಹೇಳಿದರು. ಚಾಪೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಅಷ್ಟು ಹೊತ್ತು ಪ್ರಪಂಚ ಇನ್ನೂ ನಡೆಯುತ್ತಿದೆ ಎಂದು ಅನ್ನಿಸುತ್ತಿತ್ತು. ಅದಕ್ಕೆ ಅವರೆಲ್ಲರಿಗೂ ನಾನು ಋಣಿ.

ಆದರೆ ಎದ್ದು ಹೋಗುವಾಗ ಒಂದು ಶಾಸ್ತ್ರವಿದೆ. ಸಾವಾದ ಮನೆಯಿಂದ ‘ಬರ್ತೀನಿ’ ಎಂದು ಹೇಳಿ ಹೊರಡಬಾರದು. ಹೇಳಿದರೆ ಇನ್ನೊಂದು ಸಾವಿಗೆ ಮತ್ತೆ ಬರುತ್ತೇನೆ ಎಂದ ಹಾಗಂತೆ. ಹಾಗಾಗಿ ಎಲ್ಲರೂ ಸುಮ್ಮನೆ ಎದ್ದು, ಸೆರಗು ಸರಿಮಾಡಿಕೊಂಡು, ತಿರುಗಿ ನೋಡದೆ ನಡೆಯುತ್ತಾರೆ. ಎಷ್ಟು ಮನೆಗಳಿಂದ ನಾನೂ ಹಾಗೇ ಎದ್ದು ಬಂದಿಲ್ಲ! ಚಾಪೆಯ ಮೇಲೆ ಕೂತವರಿಗೆ ಅದು ಹೇಗೆ ಕಾಣುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಈಗ ನೋಡಿದೆ. ಎಲ್ಲರ ಬೆನ್ನು ಕಾಣುತ್ತದೆ. ಶಾಸ್ತ್ರ ಗೊತ್ತಿದ್ದೂ, ಇವರ್ಯಾರೂ ಇನ್ನು ಈ ಮನೆಗೆ ಬರುವುದಿಲ್ಲ ಎಂದೇ ಅನ್ನಿಸುತ್ತಿತ್ತು. ನಮಗೆ ಮಕ್ಕಳಿಲ್ಲ. ‘ಬರ್ತೀನಿ’ ಎನ್ನುವವರು ಮನೆಯಲ್ಲಿ ಒಬ್ಬರೇ ಇದ್ದದ್ದು.

ಮೂರನೆಯ ದಿನ ಚಿಕ್ಕತಾಯಿ ಬಂದಳು. ಕಾಲು ಗಂಟೆ ಕೂತಳು. ಆಮೇಲೆ ಎದ್ದು, ಹೈಸ್ಕೂಲಿನ ಅಭ್ಯಾಸಬಲ ಇರಬೇಕು, ಬಾಗಿಲ ಹತ್ತಿರ ನಿಂತು ಸ್ಪಷ್ಟವಾಗಿ ಹೇಳಿದಳು: “ಬತ್ತೀನಿ ಮಿಸ್.”

ಕೆ.ಆರ್. ನಗರದ ನನ್ನ ನಾದಿನಿ ಕಣ್ಣು ಕೆಂಪಗೆ ಮಾಡಿ, “ಎಂಥ ಮಾತು ಆಡ್ಬುಟ್ಟೆ ತಾಯಿ,” ಎಂದಳು. ಚಿಕ್ಕತಾಯಿ ನಾಲಿಗೆ ಕಚ್ಚಿಕೊಂಡು, ಒಂದು ಚಪ್ಪಲಿ ಬಿಟ್ಟೇ ಓಡಿದಳು.

ಮಾರನೆಯ ಬೆಳಗ್ಗೆ ಗೇಟಿನ ಹತ್ತಿರ ನಿಂತಿದ್ದಾಳೆ. ಚಪ್ಪಲಿಗೆ ಬಂದಿರಬೇಕು ಎಂದುಕೊಂಡೆ. “ಚೆನ್ನಾಗಿದ್ದೀರಾ ಮಿಸ್?” ಎಂದಳು. ಸೂತಕದ ಮನೆಯಲ್ಲಿ ಇದೆಂಥ ಪ್ರಶ್ನೆ! ಹೂಂ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಟ್ಟುಸಿರು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅದರ ಮಾರನೆಯ ದಿನವೂ ಬಂದಳು. ನಾಲ್ಕನೆಯ ಸಲ, ದಿನಾ ಯಾಕೆ ಬರ್ತೀಯೆ ಎಂದು ನಾನೇ ಕೇಳಿದೆ.

“ನನ್ ಬಾಯಿಗೆ ಮಣ್ಣಾಕ,” ಎಂದು ಅತ್ತುಬಿಟ್ಟಳು. “ನಾನಂದದ್ದಕ್ಕೆ ನಿಮಗೇನಾರ ಆಗ್ಬುಟ್ರೆ? ಇದ್ದೀರೋ ಇಲ್ವೋ ಅಂತ ನೋಡ್ಕೊಂಡೋಗೋಕೆ ಬತ್ತೀನಿ ಮಿಸ್.”

ಕರ್ಮಗಳೆಲ್ಲ ಮುಗಿದು ನಾದಿನಿಯೂ ಊರಿಗೆ ಹೋದಮೇಲೆ ನಾನು ಒಲೆ ಹಚ್ಚುವುದನ್ನು ಬಿಟ್ಟಿದ್ದೆ. ಯಾರು ಬೆಲ್ ಮಾಡಿದರೂ ಬಾಗಿಲು ತೆಗೆಯುತ್ತಿರಲಿಲ್ಲ. ಅವಳಿಗೆ ಮಾತ್ರ ತೆಗೆಯಲೇಬೇಕಿತ್ತು, ಇಲ್ಲದಿದ್ದರೆ ನಾನು ಸತ್ತೇ ಹೋದೆನೆಂದು ಬೀದಿಯನ್ನೆಲ್ಲ ಸೇರಿಸುತ್ತಿದ್ದಳು. ನಾನು ಉಪವಾಸ ಬಿದ್ದು ಸತ್ತರೂ ಅಪವಾದ ತನಗೇ ಬರುತ್ತದೆಂದು ದಿನಾ ರೊಟ್ಟಿ, ಹುರುಳಿಕಾಳು ಸಾರು ತಂದಳು. ಎದುರಿಗೆ ಕೂತು ತಿನ್ನಿಸಿದಳು. ಮೂರು ತಿಂಗಳಿಗೆ ನನ್ನ ಬಣ್ಣ ನೋಡಿ, “ಇನ್ನು ಪರ್ವಾಗಿಲ್ಲ,” ಎಂದಳು. ಬರುವುದನ್ನು ಮಾತ್ರ ಬಿಡಲಿಲ್ಲ.

ವರ್ಷದ ಕಾರ್ಯಕ್ಕೂ ಬಂದಳು. ನೂರು ಎಲೆ ಹಾಕಿ, ಎತ್ತಿ, ಊಟ ಮಾಡಿ, ಚೀಲ ಹೆಗಲಿಗೆ ಏರಿಸಿ, ಬಾಯಿ ಬಿಗಿಹಿಡಿದು ಕಳ್ಳಿಯ ಹಾಗೆ ಹೊರಟಳು.

“ಏನೇ, ಹೇಳದೇ ಹೋಗ್ತಿದ್ದೀಯಾ?” ಎಂದೆ.

“ಇವತ್ತು ಅನ್ನಬಾರ್ದು ಮಿಸ್. ಒಂದ್ಸಲ ಅಂದು ಪಟ್ಟ ಪಾಡೇ ಸಾಕು.”

“ನೀನು ಅವತ್ತು ಹಾಗಂದದ್ದಕ್ಕೇ ಕಣೇ ನಾನು ಬದುಕಿರೋದು. ಹೇಳು.”

ಅವಳು ಹೆಗಲಿನ ಚೀಲ ಕೆಳಗಿಳಿಸಿದಳು. “ಅಂಗಾರೆ ನಂಗೊಂದು ಸೋಪಿನ ಡಬ್ಬಿ ಕೊಡ್ಬೇಕಾಯ್ತದೆ,” ಎಂದು ಕಣ್ಣು ಒರೆಸಿಕೊಂಡಳು. ಆಮೇಲೆ ನಾದಿನಿ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳಿದಳು.

“ಬತ್ತೀನಿ ಮಿಸ್.”

ಮೇಷ್ಟರಿಕೆಯ ಅಷ್ಟೂ ವರ್ಷ ಮಕ್ಕಳು ಹೀಗೆ ಹೇಳಿದಾಗ ನಾನು ಪುಸ್ತಕದಿಂದ ತಲೆಯೆತ್ತದೆ ಹೂಂ ಎಂದಿದ್ದೇನೆ. ಅವತ್ತು ಗೇಟಿನವರೆಗೂ ಅವಳ ಜೊತೆ ನಡೆದು, “ಬಾ” ಎಂದೆ.