ಕ್ಯಾಮೆರಾ ಬ್ಯಾಗಿನಲ್ಲಿರಲಿಲ್ಲ

2016ರ ಆಗಸ್ಟ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಹತ್ತಿರದ ತೋಟವೊಂದರಲ್ಲಿ, ಮಳೆ ಸುರಿಯುತ್ತಿದ್ದಾಗ, ಕಾಯಿ ಕೀಳುವ ರಂಗಸ್ವಾಮಿ ತೆಂಗಿನ ಮರದಿಂದ ಬಿದ್ದರು. ಆ ಮಳೆಯಲ್ಲಿ ಅವರನ್ನು ಮರ ಹತ್ತಿಸಿದವನು ನಾನು. ತೋಟದ ಒಡತಿ ಗೌರಮ್ಮ ಅಲ್ಲ. ಗೌರಮ್ಮ ಬೇಡ ಎಂದಿದ್ದರು.

ಇದನ್ನು ಬರೆಯಲು ನಾನು ಕುಳಿತಿರಲಿಲ್ಲ. ನಮ್ಮ ಛಾಯಾಗ್ರಾಹಕರ ಸಂಘದವರು ಹೊಸಬರಿಗಾಗಿ ಒಂದು ಕೈಪಿಡಿ ತರುತ್ತಿದ್ದಾರೆ. ಹಳಬನಾದ ನೀವು ನಿಮ್ಮ ಕ್ಯಾಮೆರಾದ ಗುಣದೋಷಗಳನ್ನು ಬರೆದುಕೊಡಿ ಎಂದು ಕೇಳಿದ್ದರು. ಒಪ್ಪಿಕೊಂಡೆ. ಒಂದು ಜಿಲ್ಲಾ ಪತ್ರಿಕೆಗೆ ತಿಪಟೂರು, ತುರುವೇಕೆರೆಯ ಸುದ್ದಿ ಮತ್ತು ಫೋಟೊ ಎರಡನ್ನೂ ಕಳಿಸುವ ಕೆಲಸ ನನ್ನದು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಅಭ್ಯಾಸ ಎಂದುಕೊಂಡಿದ್ದೇನೆ. ಆದರೆ ಈ ಕ್ಯಾಮೆರಾದ ಮೊದಲನೆಯ ಗುಣವನ್ನು ಬರೆಯಲು ಹೋದಾಗಲೇ ಕೈ ನಿಂತಿತು. ಆ ಗುಣವನ್ನು ನಾನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಅದೇ ನನ್ನ ಸುಳ್ಳಿನ ಬುಡ.

ಬರೆಯುತ್ತೇನೆ. ಇದು ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್. ಇದು ಮಳೆಗೆ ಹೆದರುವುದಿಲ್ಲ. ಬ್ಯಾಟರಿಯ ಬಾಗಿಲು, ಮೆಮೊರಿ ಕಾರ್ಡಿನ ಬಾಗಿಲು, ಒತ್ತುವ ಗುಂಡಿಗಳು, ತಿರುಗಿಸುವ ಚಕ್ರಗಳು — ಎಲ್ಲದರ ಅಂಚಿಗೂ ತೆಳ್ಳಗಿನ ರಬ್ಬರ್ ಸುತ್ತು ಇದೆ. ನೀರಿನಲ್ಲಿ ಮುಳುಗಿಸಬಾರದು, ಮಳೆಯಲ್ಲಿ ಹಿಡಿದು ನಿಂತರೆ ಏನೂ ಆಗದು. ಒಂದು ಷರತ್ತಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಲೆನ್ಸಿನ ಬುಡಕ್ಕೂ ಅಂಥದೇ ರಬ್ಬರ್ ಇರಬೇಕು. ಕ್ಯಾಮೆರಾದ ಜೊತೆಗೆ ಬರುವ ಲೆನ್ಸಿಗೆ ಅದಿಲ್ಲ. ನಾನು ರಬ್ಬರ್ ಇರುವ ಲೆನ್ಸನ್ನು ಬೇರೆ ತರಿಸಿಕೊಂಡಿದ್ದೆ. ಅದು ಕೈಗೆ ಬಂದ ವಾರವೇ ಆ ಗುರುವಾರ.

ಪತ್ರಿಕೆಯವರು ಮಳೆಯ ಚಿತ್ರ ಕೇಳಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೃಷಿ ಪುಟಕ್ಕೆ ಕಾಯಿ ಕೀಳುವ ಒಂದು ಫೋಟೊ ಬೇಕಿತ್ತು. ಅದನ್ನು ಬೆಳಿಗ್ಗೆ ಬಿಸಿಲಿನಲ್ಲೇ ತೆಗೆದಾಗಿತ್ತು. ಕೆಲಸ ಮುಗಿದಿತ್ತು. ಮಳೆ ಬಂದಾಗ ನನಗೆ ಹೊಸ ಲೆನ್ಸನ್ನು ಪರೀಕ್ಷಿಸುವ ಆಸೆ ಹುಟ್ಟಿತು — ಅಷ್ಟೇ.

ಗೌರಮ್ಮನ ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಅತ್ತೆಯನ್ನು ಜೊತೆಗಿಟ್ಟುಕೊಂಡು ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. ರಂಗಸ್ವಾಮಿ ಪಕ್ಕದ ಊರಿನವರು. ಗೌರಮ್ಮನನ್ನು ಅಕ್ಕ ಎನ್ನುತ್ತಿದ್ದರು. ಅವರ ತೋಟದ ಕಾಯಿಗೆ ಬೇರೆ ಯಾರೂ ಹತ್ತುತ್ತಿರಲಿಲ್ಲ. ಮಳೆಗೆ ನಾವು ಮೂವರೂ ಪಂಪ್‌ಮನೆಯ ಸೂರಿನ ಕೆಳಗೆ ನಿಂತಿದ್ದೆವು. ರಂಗಸ್ವಾಮಿ ಕಾಲಿಗೆ ಹಾಕುವ ಹಗ್ಗದ ಬಳೆಯನ್ನು ಕಳಚಿ ಗೂಟಕ್ಕೆ ನೇತುಹಾಕಿದ್ದರು. ನಮ್ಮ ಕಡೆ ಮರ ಹತ್ತುವವರು ಆ ಬಳೆಯನ್ನು ಒಮ್ಮೆ ಗೂಟಕ್ಕೆ ಹಾಕಿದರೆ ಆ ದಿನ ಮತ್ತೆ ಹತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು. ನಾನು ಈ ಸೀಮೆಯಲ್ಲೇ ಹುಟ್ಟಿದವನು, ನನಗೆ ಗೊತ್ತಿತ್ತು. ಕೇಳಿದೆ.

ಗೌರಮ್ಮ ತಕ್ಷಣ ಅಡ್ಡ ಬಂದರು. "ಬ್ಯಾಡ ಕಣಪ್ಪ. ಮರ ನೆಂದೈತೆ, ಪಾಚಿ ಕಟ್ಟೈತೆ. ನಾಳೀಕೆ ಬನ್ನಿ, ಬಿಸ್ಲು ಬಿದ್ಮೇಲೆ ಇವನ್ನ ದಿನಾವೆಲ್ಲ ಮರದ್ ಮೇಲೇ ಕೂರುಸ್ತೀನಿ."

"ಅರ್ಧ ಮರ ಸಾಕಮ್ಮ," ಎಂದೆ.

ರಂಗಸ್ವಾಮಿ ನಕ್ಕರು. "ಬುಡಕ್ಕ. ಪೇಪರ್‌ನಲ್ಲಿ ಬತ್ತೀನಂತೆ. ನನ್ನೆಂಡ್ರು ನನ್ ಮಖ ಸರ್ಯಾಗಿ ನೋಡಿ ಯಾವ್ ಕಾಲಾಯ್ತೋ, ಪೇಪರ್‌ನಲ್ಲಾದ್ರೂ ನೋಡ್ಲಿ." ಬಳೆಯನ್ನು ಗೂಟದಿಂದ ತೆಗೆದುಕೊಂಡವರು ನನ್ನ ಕೈ ನೋಡಿದರು. "ಅಲ್ಲ ಸಾ, ಕ್ಯಾಮ್ರಾ ನೆನೀತೈತಲ್ಲ?"

"ಇದಕ್ಕೇನೂ ಆಗಲ್ಲ. ನೀವು ಹತ್ತಿ ರಂಗಣ್ಣ."

ಇದಕ್ಕೇನೂ ಆಗಲ್ಲ — ಹೌದು, ಏನೂ ಆಗಲಿಲ್ಲ.

ಈಗ ದೋಷಗಳು. ಮಂಕು ಬೆಳಕಿನಲ್ಲಿ ಇದರ ಫೋಕಸ್ ನಡುವಿನ ಬಿಂದುವಿನಲ್ಲಿ ಮಾತ್ರ ನಂಬಿಕೆಗೆ ಅರ್ಹ. ಅಂಚಿನ ಬಿಂದುಗಳು ತಡಕಾಡುತ್ತವೆ. ರಂಗಸ್ವಾಮಿ ಅರ್ಧ ಮರಕ್ಕೆ ಬಂದಾಗ ನಾನು ಒತ್ತಿದ ಫೋಟೊಗಳಲ್ಲಿ ಮುಂದಿನ ಮಳೆಯ ಎಳೆಗಳು ಸ್ಪಷ್ಟವಾಗಿದ್ದವು, ಅವರ ಮುಖ ಮಸುಕಾಗಿತ್ತು. ಹಿಂದಿನ ಪರದೆಯಲ್ಲಿ ನೋಡಿ, ತಲೆಯೆತ್ತಿ ಕೂಗಿದೆ: "ಇನ್ನೊಂಚೂರು ಮೇಲೆ!" ಮಾತಾಡಿದ್ದು ಅರ್ಧ ಮರ. ಅಲ್ಲಿಂದ ಮೇಲಕ್ಕೆ ಹತ್ತಿಸಿದ್ದು — ಕ್ಯಾಮೆರಾದ ದೋಷ ಎನ್ನಲೇ? ನಡುಬಿಂದುವನ್ನು ನಾನು ಮೊದಲೇ ಆರಿಸಿಕೊಳ್ಳಬಹುದಿತ್ತು.

ಇನ್ನೊಂದು ಇದೆ. ಇಂಥ ಕ್ಯಾಮೆರಾದ ಒಳಗೆ ಕನ್ನಡಿ ಇರುತ್ತದೆ. ಬೆಳಕು ಅದಕ್ಕೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ. ಆದ್ದರಿಂದ ಕಾಣುವುದು ನಿಜವಾದ ಮರ, ನಿಜವಾದ ಮನುಷ್ಯ. ಇದು ದೊಡ್ಡ ಗುಣ. ಆದರೆ ಗುಂಡಿ ಒತ್ತಿದ ಕ್ಷಣ ಆ ಕನ್ನಡಿ ಮೇಲಕ್ಕೆ ಏಳುತ್ತದೆ, ಕಣ್ಣಿಗೆ ಕತ್ತಲೆ. ಯಾವ ಕ್ಷಣವನ್ನು ಹಿಡಿದೆವೋ ಅದನ್ನು ನಾವು ನೋಡಿರುವುದಿಲ್ಲ. ನಾನು ಒತ್ತಿದೆ. ಕತ್ತಲೆಯಾಯಿತು. ಮತ್ತೆ ಬೆಳಕಾದಾಗ ಮರ ಇತ್ತು. ಶಬ್ದ ಅದಾದ ಮೇಲೆ ಬಂತು. ಗೌರಮ್ಮನ ಕೂಗು ಅದಕ್ಕೂ ಆಮೇಲೆ.

ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿದೆ. ಯಾಕೆ ಮೊದಲು ಆ ಕೆಲಸ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಮೇಲೆ ಓಡಿದೆ. ರಸ್ತೆಯಲ್ಲಿ ಹೋಗುತ್ತಿದ್ದ ಲಗೇಜ್ ಆಟೊ ನಿಲ್ಲಿಸಿದೆ. ಬೆನ್ನು ಅಲುಗದ ಹಾಗೆ ಪಂಪ್‌ಮನೆಯ ಬಾಗಿಲನ್ನೇ ಕಳಚಿ ಅದರ ಮೇಲೆ ಮಲಗಿಸಿ ತಿಪಟೂರಿಗೆ ಕರೆದೊಯ್ದೆ. ಡಾಕ್ಟರು ನನ್ನ ಬೆನ್ನು ತಟ್ಟಿದರು.

ಆ ಸಂಜೆಯೇ ನಮ್ಮ ಪತ್ರಿಕೆಗೆ ಬರೆದೆ: 'ಮಳೆಯ ನಡುವೆಯೂ ಕಾಯಿ ಕೀಳಿಸಲು ಮುಂದಾದಾಗ ಈ ಅವಘಡ ಸಂಭವಿಸಿದೆ.' ಮುಂದಾದವರು ಯಾರು ಎಂದು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ತೋಟ ಗೌರಮ್ಮನದು ಎಂದು ಅದರ ಹಿಂದಿನ ಸಾಲಿನಲ್ಲಿತ್ತು. ಯಾರ ಮೇಲೂ ಆರೋಪ ಹೊರಿಸದ ವಾಕ್ಯ ಕಟ್ಟುವುದನ್ನು ವೃತ್ತಿ ನನಗೆ ಕಲಿಸಿದೆ. ಅದನ್ನು ಹೀಗೆ ಬಳಸಿದೆ.

ಮರ ಹತ್ತುವವರಲ್ಲಿ ಒಂದು ಕಟ್ಟಳೆ ಇದೆ. ಆಕಸ್ಮಿಕವಾಗಿ ಬಿದ್ದರೆ ಅದು ಹಣೆಬರಹ. ಆದರೆ ನೆಂದ ಮರಕ್ಕೆ ಒತ್ತಾಯ ಮಾಡಿ ಹತ್ತಿಸಿದ ತೋಟಕ್ಕೆ ಅವರ್ಯಾರೂ ಮತ್ತೆ ಕಾಲಿಡುವುದಿಲ್ಲ. ಬಿದ್ದವನೇ ಆ ತೋಟಕ್ಕೆ ಹೋಗಿ, ಇನ್ನು ಹತ್ತಬಹುದು ಎಂದು ಹೇಳಿ ಬರುವವರೆಗೆ. ಮುಂದಿನ ವಾರ ಅರಳಿಕಟ್ಟೆಯಲ್ಲಿ ಸೇರಿದರು. ಕಂಡ ಸಾಕ್ಷಿ ಎಂದು ನನ್ನನ್ನೂ ಕರೆದರು. ರಂಗಸ್ವಾಮಿಗೆ ತಲೆಗೆ ಪೆಟ್ಟಾಗಿ ಆ ದಿನದ ನೆನಪು ಪೂರ್ತಿ ಅಳಿಸಿಹೋಗಿತ್ತು. ಉಳಿದವರು ನಾನು ಮತ್ತು ಗೌರಮ್ಮ.

ಗೌರಮ್ಮ ಇದ್ದದ್ದನ್ನು ಹೇಳಿದರು. "ನಾನು ಬ್ಯಾಡ ಅಂದೆ. ಫೋಟೋ ತಗೀಬೇಕು ಹತ್ತು ಅಂದೋರು ಇವ್ರೇ."

ಊರಿನ ಹಿರಿಯರೊಬ್ಬರು ಎಲೆ ಅಡಿಕೆ ಉಗಿದು ಕೇಳಿದರು. "ಅಲ್ಲ ಕಣವ್ವ, ಸುರಿಯೋ ಮಳೇಲಿ ಯಾವನಾದ್ರೂ ಕ್ಯಾಮ್ರಾ ಈಚೆ ತಗೀತಾನೇನು? ನನ್ ಮಗನ ಮದ್ವೇಲಿ ನಾಕ್ ಹನಿ ಬಿದ್ದಿದ್ಕೇ ಫೋಟೋದೋನು ಗಂಡು ಹೆಣ್ಣು ಇಬ್ರನ್ನೂ ನೆನೆಯಕ್ ಬುಟ್ಟು ಕ್ಯಾಮ್ರಾ ತಬ್ಕಂಡು ಛತ್ರದೊಳಕ್ಕೆ ಓಡೋದ!"

ಎಲ್ಲರೂ ನಕ್ಕರು. ಇನ್ನೊಬ್ಬ, "ಸುಳ್ಳು ಹೇಳಿದ್ರೂ ವಸಿ ನಂಬಂಗೆ ಹೇಳ್ಬೇಕು ಕಣವ್ವ," ಎಂದ. ಹಿರಿಯರು ನನ್ನ ಕಡೆ ತಿರುಗಿದರು. "ಏನ್ರೀ, ತೆಗ್ದಿದ್ರಾ ನೀವು?"

"ಕ್ಯಾಮೆರಾ ಬ್ಯಾಗಿನಲ್ಲಿತ್ತು," ಎಂದೆ.

ಅಷ್ಟೇ ಹೇಳಿದ್ದು. ಕೂಗಿ ಹೇಳಲಿಲ್ಲ, ಆಣೆ ಹಾಕಲಿಲ್ಲ. ಮಳೆಯಲ್ಲಿ ನಿಲ್ಲುವ ಕ್ಯಾಮೆರಾ ಇದೆ ಎಂಬುದು ಆ ಕಟ್ಟೆಯ ಮೇಲೆ ನನಗೊಬ್ಬನಿಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ್ದನ್ನೇ ನಾನು ಕೊಡೆಯಂತೆ ಹಿಡಿದುಕೊಂಡೆ. ಗೌರಮ್ಮ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ — ಗೊತ್ತಿಲ್ಲ. "ಅಂಗಂದ್ರಾ? ಸರಿ ಬುಡಪ್ಪ," ಎಂದು ಸೆರಗು ಸರಿಪಡಿಸಿಕೊಂಡು ಎದ್ದುಹೋದರು.

ಅಂದಿನಿಂದ ಆ ತೋಟದಲ್ಲಿ ಯಾರೂ ಮರ ಹತ್ತಿಲ್ಲ. ಎತ್ತರದ ಹಳೆಯ ಮರಗಳು, ದೋಟಿಗೆ ಎಟುಕುವುದಿಲ್ಲ. ಕಾಯಿ ತಾನಾಗಿ ಬಿದ್ದಾಗ ಆಯ್ದುಕೊಳ್ಳಬೇಕು. ಇಲಿ ಕೊರೆದದ್ದು, ಕಳ್ಳರು ಆಯ್ದದ್ದು ಹೋಗಿ ಉಳಿದದ್ದು ಕೊಬ್ಬರಿಯಾಗಲು ಅಟ್ಟಕ್ಕೆ. ಸುಳಿ ಬಿಡಿಸುವವರಿಲ್ಲದೆ ದುಂಬಿ ಹೊಕ್ಕಿತು. ಒಣಗಿದ ಗರಿಗಳು ಮರದ ಸುತ್ತ ಹಾಗೇ ಜೋತುಬಿದ್ದವು. ಹೊರಗಿನಿಂದ ಆಳು ತಂದರೂ, ಕಥೆ ಕೇಳಿದ ಮೇಲೆ ಅವರೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗ ನಾನು ಇನ್ನೊಂದು ಕಡೆಯ ಕಿಟಕಿಗೆ ಕೂರುತ್ತಿದ್ದೆ.

ರಂಗಸ್ವಾಮಿ ಈಗ ಕೋಲು ಹಿಡಿದು ನಡೆಯುತ್ತಾರೆ. ಮೊನ್ನೆಯವರೆಗೂ ಸಂತೆಯಲ್ಲಿ ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದರು. ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, "ಈ ಪುಣ್ಯಾತ್ಮರು ಇಲ್ದಿದ್ರೆ ನಾನು ಅವತ್ತೇ ಮಣ್ಣಾಗ್ತಿದ್ದೆ," ಎನ್ನುತ್ತಿದ್ದರು. ನಾನು ಪ್ರತಿ ಸಲ, "ಏನೋ ಬಿಡಿ," ಎನ್ನುತ್ತಿದ್ದೆ. ಪ್ರತಿ ಸಲ ಹೇಳಿಬಿಡಬೇಕು ಎಂದುಕೊಂಡು, ಪ್ರತಿ ಸಲ — ಕ್ಯಾಮೆರಾದ ಮಿಕ್ಕ ದೋಷಗಳನ್ನು ನಾನು ಬರೆಯಲಾರೆ. ಭಾರ ಹೆಚ್ಚು, ವಿಡಿಯೊ ಸಾಧಾರಣ, ಕಾರ್ಡು ಹಾಕುವ ಜಾಗ ಒಂದೇ. ಇವು ಯಾರಿಗೂ ಕೇಡು ಮಾಡಿಲ್ಲ.

ಈ ತಿಂಗಳ ಮೊದಲಲ್ಲಿ ಸುದ್ದಿ ಬಂತು: ಗೌರಮ್ಮ ತೋಟವನ್ನು ಕೆಡವಿಸುತ್ತಿದ್ದಾರೆ, ಮರ ಉರುಳಿಸುವ ಯಂತ್ರಕ್ಕೆ ಹೇಳಿಯಾಗಿದೆ. ಅದನ್ನು ಹೇಳಿದವನು ಚಹಾ ಕುಡಿಯುತ್ತ ಹೇಳಿದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಳೆಯ ಕಾರ್ಡಿನಲ್ಲಿದ್ದ ಆ ದಿನದ ಫೋಟೊಗಳನ್ನು ಅಚ್ಚು ಹಾಕಿಸಿಕೊಂಡು ಮೊದಲು ರಂಗಸ್ವಾಮಿಯ ಮನೆಗೆ ಹೋದೆ. ಕಟ್ಟಳೆಯನ್ನು ಸಡಿಲಿಸಬಲ್ಲವರು ಅವರೊಬ್ಬರೇ.

ಅವರು ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಯದು ಚೆನ್ನಾಗಿ ಬಂದಿದೆ. ಮುಖ ಸ್ಪಷ್ಟವಾಗಿದೆ, ನಗುತ್ತಿದ್ದಾರೆ. ಮಳೆಯೂ ಕಾಣುತ್ತದೆ. ಗರಿಗಳ ಸಂದಿನಲ್ಲಿ, ಕೆಳಗೆ ಮೂಲೆಯಲ್ಲಿ, ಎರಡೂ ಕೈ ಎತ್ತಿ ಇಳಿ ಎನ್ನುತ್ತಿರುವ ಗೌರಮ್ಮ. ತೆಗೆಯುವಾಗ ನಾನು ಅವರನ್ನು ನೋಡಿರಲಿಲ್ಲ.

"ಇದು ಮಳೇಲಿ ತೆಗ್ದಿದ್ದಾ?"

"ಹೌದು."

"ಅಕ್ಕ ಬ್ಯಾಡ ಅಂದಿದ್ಲಾ?"

"ಅಂದಿದ್ದರು. ಹತ್ತಿ ಅಂದವನು ನಾನು. ಕಟ್ಟೆಯ ಮೇಲೆ ಸುಳ್ಳು ಹೇಳಿದೆ."

ಹೆಬ್ಬೆರಳಿನಿಂದ ಫೋಟೊದ ಆ ಮೂಲೆಯನ್ನು ಒರೆಸಿದರು. ಆಮೇಲೆ ಅವರು ನನಗಲ್ಲ, ಫೋಟೊಗೆ ಹೇಳಿದರು: "ಅವಳ ಅತ್ತೆ ಸತ್ತಾಗ ಮಣ್ಣಿಗೂ ಹೋಗ್ಲಿಲ್ಲ ನಾನು. ಎದುರಿಗೆ ಸಿಕ್ರೆ ಮಖ ತಿರುಗುಸ್ಕಂಡು ಹೋಗ್ತಿದ್ದೆ." ಕೋಲನ್ನು ನೆಲಕ್ಕೆ ಊರಿದರು. "ಎದ್ದೋಗ್ರೀ."

ಎದ್ದುಬಂದೆ. ಅಲ್ಲಿಂದ ಗೌರಮ್ಮನ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಕಟ್ಟೆಯ ಮೇಲೆ ಎಲ್ಲರೆದುರಿಗೆ ಹೇಳುತ್ತೇನೆ, ಪತ್ರಿಕೆಯಲ್ಲೂ ಹಾಕುತ್ತೇನೆ, ಯಂತ್ರ ಬೇಡ ಎನ್ನಿ ಎಂದು ಬೇಡಿಕೊಂಡೆ. "ಏನಂತ ಹಾಕ್ತೀಯಪ್ಪ? ಗೌರಮ್ಮ ಸುಳ್ಳಿ ಅಲ್ಲ ಅಂತಲಾ?" ಎಂದರು. "ನನ್ ಅತ್ತೆ ಸಾಯೋಗಂಟ ಕೇಳ್ತಿತ್ತು, ನಿಜ್ವಾಗೂ ನೀನೇ ಹತ್ತುಸ್ದೇನೇ ಗೌರಿ, ಅಂತ." ಬಾಗಿಲು ಹಾಕಿಕೊಂಡರು.

ಭಾನುವಾರ ಅರಳಿಕಟ್ಟೆಯಲ್ಲಿ, ಅಂದಿದ್ದವರಲ್ಲಿ ಬದುಕಿರುವ ಎಲ್ಲರ ಎದುರು, ಕೊಡದಲ್ಲಿ ನೀರು ತರಿಸಿ ಕ್ಯಾಮೆರಾದ ಮೇಲೆ ಸುರಿದು, ಒಂದು ಫೋಟೊ ತೆಗೆದು ತೋರಿಸಿದೆ. ಯಾರೂ ನಗಲಿಲ್ಲ. ಕಟ್ಟಳೆಯ ಮಾತು ರಂಗಸ್ವಾಮಿಯದು ಎಂದಷ್ಟೇ ಹೇಳಿ ಎದ್ದರು. ನನ್ನ ರಾಜೀನಾಮೆ ಮತ್ತು ತಪ್ಪೊಪ್ಪಿಗೆ ಸಂಪಾದಕರ ಮೇಜಿನ ಮೇಲಿದೆ, ಉತ್ತರ ಬಂದಿಲ್ಲ.

ಇಂದು, ಸೋಮವಾರ ಬೆಳಿಗ್ಗೆ, ಯಂತ್ರ ಬಂತು. ಬಾವಿಯ ಕಡೆಯ ಸಾಲು ಮಧ್ಯಾಹ್ನದೊಳಗೆ ಉರುಳಿತು. ಊಟದ ಹೊತ್ತಿಗೆ ರಂಗಸ್ವಾಮಿ ಆಟೊದಲ್ಲಿ ಬಂದು ಇಳಿದು, ಎರಡನೆಯ ಸಾಲಿನ ಮುಂದೆ ನೆಲದ ಮೇಲೆ ಕುಳಿತರು. ಚಾಲಕ ಯಂತ್ರವನ್ನು ನಿಲ್ಲಿಸಿದ. ನಾನು ಇದನ್ನು ಬರೆಯುತ್ತಿರುವ ಈ ಸಂಜೆ ಅವರು ಅಲ್ಲೇ ಕುಳಿತಿದ್ದಾರೆ. ಗೌರಮ್ಮ ಇನ್ನೂ ಮನೆಯಿಂದ ಹೊರಗೆ ಬಂದಿಲ್ಲ.